ಮನೆ ಸಾಲ ತೀರಲು ಇನ್ನು 27 ತಿಂಗಳು. ಈ ಬೇಸಿಗೆಗೆ ಎಸಿ ಹಾಕಿಸೋದಾ, ತಡೆಯೋದಾ?

ಬೇಳೆಲೆಕ್ಕ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಇಳೀತು, ಹೊಟ್ಟು ಎಷ್ಟು, ನುಚ್ಚು ಎಷ್ಟು, ಹಮಾಲಿ ಎಷ್ಟು, ಎಲ್ಲ ನನ್ನ ಕೈಯಲ್ಲೇ. ಕ್ವಿಂಟಲ್ ತೊಗರಿಗೆ ಎರಡು ಕಿಲೋ ಬೇಳೆ ಕಡಿಮೆ ಬಿದ್ದರೆ ಮಾಲೀಕರಿಗಿಂತ ಮೊದಲು ನನ್ನ ನಿದ್ದೆ ಹೋಗುತ್ತದೆ. ಮನೆಯಲ್ಲೂ ಅದೇ ಚಾಳಿ. ಮಿಲ್‌ನಲ್ಲಿ ಉಳಿದ ಕೆಂಪು ಬಟ್ಟೆ ಹೊದಿಕೆಯ ಹಳೆ ಕೀರ್ದಿ ಪುಸ್ತಕ ಒಂದಿದೆ. ಮೂರು ವರ್ಷದಿಂದ ಮನೆ ಖರ್ಚೆಲ್ಲ ಅದರಲ್ಲೇ ಬರೆಯುತ್ತಿದ್ದೇನೆ.

ಈ ಪುಸ್ತಕ ಶುರುವಾಗಿದ್ದಕ್ಕೆ ಒಂದು ಕಾರಣ ಇದೆ. 2021ರ ಜನವರಿಯಲ್ಲಿ ಸೇಡಂ ರಸ್ತೆ ಕಡೆ 30 ಬೈ 40 ಸೈಟಿನಲ್ಲಿ ಮನೆ ಕಟ್ಟಲು 24 ಲಕ್ಷ ಸಾಲ ತೆಗೆದೆ. 20 ವರ್ಷದ ಅವಧಿ, ಶೇಕಡಾ 7 ಬಡ್ಡಿ, ತಿಂಗಳ ಕಂತು 18,607. ಬಡ್ಡಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಕಟ್ಟಿದ್ದು ಅಂತ ಸಹಿ ಹಾಕುವಾಗ ಹೇಳಿದ್ದರು. ಹೂಂ ಅಂದಿದ್ದೆ. ಅರ್ಥ ಆಗಿದ್ದು ಆಮೇಲೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೊ 4ರಿಂದ 6.5ಕ್ಕೆ ಏರಿತು. ನನ್ನ ಬಡ್ಡಿ 9.5 ಆಯಿತು. ಕಂತು ಮಾತ್ರ ಅಷ್ಟೇ ಇತ್ತು. ಅಬ್ಬಾ, ಪುಣ್ಯ ಅಂದುಕೊಂಡೆ.

2023ರ ಮಾರ್ಚ್‌ನಲ್ಲಿ ಮಿಲ್‌ನ ವರ್ಷದ ಲೆಕ್ಕ ಮುಗಿಸುವಾಗ, ಸುಮ್ನೆ ನನ್ನ ಸಾಲದ ಸ್ಟೇಟ್‌ಮೆಂಟ್ ಕೂಡ ತೆಗೆಸಿ ನೋಡಿದೆ. ಕಟ್ಟಿದ್ದು 18,607. ಅದರಲ್ಲಿ ಬಡ್ಡಿ 18,153. ಅಸಲಿಗೆ ಹೋಗಿದ್ದು 454 ರೂಪಾಯಿ! ಎರಡು ವರ್ಷದ ಮೇಲೆ ಕಟ್ಟಿದರೂ ಇನ್ನೂ 22.93 ಲಕ್ಷ ಬಾಕಿ. ಅವಧಿಯನ್ನು ಅವರೇ ಎಳೆದು ಹಾಕಿದ್ದರು, ನನಗೆ ಒಂದು ಕಾಗದವೂ ಬಂದಿರಲಿಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂತೆ. ಅದೇ ಬಡ್ಡಿ, ಅದೇ ಕಂತು ಅಂದರೆ ಇನ್ನೂ ಸುಮಾರು 39 ವರ್ಷ. ಎಂಬತ್ತರ ವಯಸ್ಸಿನಲ್ಲಿ ಕೋಲು ಊರಿಕೊಂಡು ಬ್ಯಾಂಕಿಗೆ ಹೋಗಿ ಕಂತು ಕಟ್ಟುವ ಚಿತ್ರ ಕಣ್ಣ ಮುಂದೆ ಬಂತು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನವೇ ಹೋಗಿ ಕಂತು 22,000ಕ್ಕೆ ಏರಿಸಿಕೊಂಡೆ. ಜೊತೆಗೆ ಕೈಯಲ್ಲಿ ಉಳಿದಿದ್ದನ್ನೆಲ್ಲ ಅಸಲಿಗೆ ಕಟ್ಟುತ್ತಾ ಬಂದೆ. ಹೊಸಬರಿಗೆ ಒಂದು ಮಾತು: ಹೀಗೆ ಮಧ್ಯೆ ಕಟ್ಟಿದಾಗ ನಮ್ಮ ಶಾಖೆಯಲ್ಲಿ ತಾವಾಗಿಯೇ ಕಂತು ಇಳಿಸಿಬಿಟ್ಟರು, ಅವಧಿ ಹಾಗೇ ಇತ್ತು. ‘ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಅಂತ ಬರೆದುಕೊಡಬೇಕು. ನಾನು ಎರಡು ಸಲ ಅರ್ಜಿ ಕೊಟ್ಟ ಮೇಲೆ ಸರಿಯಾಯಿತು. 2025ರಲ್ಲಿ ರೆಪೊ ಇಳಿದು ಬಡ್ಡಿ 8.25 ಆದಾಗಲೂ ಕಂತು ಇಳಿಸಲು ಬಿಡಲಿಲ್ಲ.

ಈಗ ಬಾಕಿ 11.40 ಲಕ್ಷ.

ತಿಂಗಳ ಲೆಕ್ಕ ಹೀಗಿದೆ. ನನ್ನ ಪಗಾರ ಕೈಗೆ 41,000. ಮನೆಯವಳು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ), ಎನ್‌ಪಿಎಸ್ ಪಿಂಚಣಿ ಕಡಿತ ಎಲ್ಲ ಹೋಗಿ ಕೈಗೆ 52,000. ಒಟ್ಟು 93,000. ಕಂತು 22,000, ಹೆಚ್ಚುವರಿ ಕಟ್ಟೋದು 25,000, ಮನೆ ಖರ್ಚು 24,000, ಮಗಳ ಫೀಸು ಮತ್ತು ಅಪ್ಪನ ಔಷಧಿ ಸೇರಿ ಸರಾಸರಿ 6,000, ಪಿಪಿಎಫ್ 5,000, ಮ್ಯೂಚುವಲ್ ಫಂಡ್ ಎಸ್‌ಐಪಿ 5,000. ಉಳಿದ 6,000 ಆಯೇರಿಗೆ ಹೋಗುತ್ತದೆ. ನಗಬೇಡಿ. ಈ ಏಪ್ರಿಲ್-ಮೇ ಒಳಗೆ ಒಂಬತ್ತು ಮದುವೆ ಪತ್ರಿಕೆ ಬಂದಿವೆ. ಎಲ್ಲ ಖರ್ಚು ಹಿಡಿದೆ, ಇದೊಂದು ಕೈಗೆ ಸಿಕ್ಕಿಲ್ಲ.

ಉಳಿಸೋದು ಹೇಗೆ ಅಂತ ಕೇಳುವವರಿಗೆ: ಹಿಂಗಾರಿ ಜೋಳ ಬಂದಾಗ ಗೊತ್ತಿರುವ ರೈತರಿಂದಲೇ ಎರಡು ಕ್ವಿಂಟಲ್ ತಂದು ಇಟ್ಟುಕೊಳ್ಳುತ್ತೇವೆ, ವರ್ಷ ಪೂರ್ತಿ ರೊಟ್ಟಿಗೆ ಚಿಂತೆ ಇಲ್ಲ. ಆಳಂದ ತಾಲೂಕಿನಲ್ಲಿ ಅಪ್ಪನ ನಾಲ್ಕು ಎಕರೆ ಪಾಲಿಗೆ ಕೊಟ್ಟಿದ್ದೇವೆ. ಅಲ್ಲಿಂದ ಬಂದ ತೊಗರಿಯಲ್ಲಿ ಒಂದು ಕ್ವಿಂಟಲ್ ಮನೆಗೆ. ಇಡೀ ಬೇಳೆ ನೆಂಟರು ಬಂದಾಗ, ದಿನದ ಸಾರಿಗೆ ತುಂಡು ಬೇಳೆ. ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಬಂದು ವರ್ಷಗಳಾದವು. ಆದರೆ ತುಂಡಾದ ಬೇಳೆಗೂ ರುಚಿ ಅದೇ, ಮಿಲ್‌ನಲ್ಲಿ ಇರುವವನ ಮಾತು ನಂಬಿ. ಕಣ್ಣಿ ಮಾರ್ಕೆಟ್‌ಗೆ ಭಾನುವಾರ ಸಂಜೆ ಏಳರ ಮೇಲೆ ಹೋದರೆ ಮೆಂತ್ಯೆ, ಪುಂಡಿಪಲ್ಲೆ ಸಿವುಡಿಗಟ್ಟಲೆ ಅಗ್ಗ. ಸ್ಕೂಟರ್ 2012ರದ್ದು, ಒದ್ದರೆ ಇನ್ನೂ ಓಡುತ್ತೆ. ಗಂಜಿನ (ಧಾನ್ಯದ ಮಾರುಕಟ್ಟೆ) ಚಹಾ ಬಿಟ್ಟು ಎರಡು ವರ್ಷ ಆಯಿತು. ಚಹಾ ಬಿಟ್ಟ ಮೇಲೆ ಚಹಾದ ಗೆಳೆಯರೂ ಕಡಿಮೆಯಾದರು, ಅದು ಬೇರೆ ಮಾತು.

ಇದೇ ವೇಗದಲ್ಲಿ ಹೋದರೆ 27 ತಿಂಗಳಲ್ಲಿ, ಅಂದರೆ 2028ರ ಜುಲೈ ಹೊತ್ತಿಗೆ ಸಾಲ ಪೂರ್ತಿ ತೀರುತ್ತದೆ. ಆಮೇಲೆ ಈ 47,000 ಹಾಗೇ ಉಳಿಸುತ್ತಾ 50ಕ್ಕೆ ಕೆಲಸ ಬಿಟ್ಟು ಹೊಲ ನೋಡಿಕೊಳ್ಳಬೇಕು ಅಂತ ಆಸೆ.

ಈಗ ಪ್ರಶ್ನೆ. ಮನೆಯಲ್ಲಿ ಎಸಿ ಬೇಕು ಅಂತ ಹಟ. ಒಂದು ಟನ್ನಿಂದು, ಸ್ಟೆಬಿಲೈಸರ್, ಫಿಟ್ಟಿಂಗ್ ಸೇರಿ 42,000 ಅಂತಾರೆ. ಅದಕ್ಕಿಂತ ನನಗೆ ಹೆಚ್ಚು ಹೊಟ್ಟೆ ಉರಿಯೋದು ಕರೆಂಟ್ ಬಿಲ್. ಗೃಹಜ್ಯೋತಿಯಲ್ಲಿ (ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ) ನಮಗೆ ತಿಂಗಳಿಗೆ 107 ಯೂನಿಟ್ ಉಚಿತ ಅಂತ ಲೆಕ್ಕ ಬಂದಿದೆ. ಚಳಿಗಾಲ, ಮಳೆಗಾಲದಲ್ಲಿ ಬಿಲ್ ಸೊನ್ನೆ. ಬೇಸಿಗೆಯಲ್ಲಿ ಕೂಲರ್ ಹಾಕಿದರೂ 160 ದಾಟಲ್ಲ, ಹೆಚ್ಚಿನ ಯೂನಿಟ್ಟಿಗೆ ಮಾತ್ರ ಕಟ್ಟುತ್ತೇವೆ. ಎಸಿ ಬಂದರೆ 200 ದಾಟೋದು ಗ್ಯಾರಂಟಿ. ಆಗ ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ಇಷ್ಟು ವರ್ಷ ಕೂಲರ್‌ನಲ್ಲೇ ಕಳೆದಿದ್ದೇವೆ, ಇನ್ನು ಮೂರು ಬೇಸಿಗೆ ತಡೆದರೆ ಆಯ್ತಲ್ವಾ? ಸಾಲ ತೀರಿದ ಮೇಲೆ ಬೇಕಾದರೆ ಎರಡು ಎಸಿ ಹಾಕೋಣ ಅಂತ ನಾನು. ನಿಮ್ಮ ಅನುಭವ ಹೇಳಿ.


ಸೇಡಂಹುಡುಗ (ಬೆಂಗಳೂರು):

ಅಣ್ಣಾ, ಎಸಿ ವಿಷಯ ಆಮೇಲೆ. ನೀವು ತಿಂಗಳಿಗೆ 25 ಸಾವಿರ ಸಾಲಕ್ಕೆ ಸುರೀತಿರೋದೇ ತಪ್ಪು ಅನಿಸುತ್ತೆ. ಅದನ್ನು ಇಂಡೆಕ್ಸ್ ಫಂಡ್‌ಗೆ ಹಾಕಿ, ಸಾಲ ತನ್ನ ಪಾಡಿಗೆ ನಡೀಲಿ. ಹೆಚ್ಚುವರಿ ಕಟ್ಟದಿದ್ದರೂ ನಿಮ್ಮ ಕಂತಿನಲ್ಲೇ ಐದೂವರೆ ವರ್ಷದೊಳಗೆ ಮುಗಿಯುತ್ತೆ. ದೀರ್ಘಾವಧಿಯಲ್ಲಿ ಷೇರು ಮಾರುಕಟ್ಟೆ 8.25ಕ್ಕಿಂತ ಜಾಸ್ತಿ ಕೊಡೋ ಸಾಧ್ಯತೆ ಇದೆ. ನನ್ನದೂ ಇಲ್ಲಿ ಫ್ಲ್ಯಾಟ್ ಸಾಲ ಇದೆ, ಒಂದು ರೂಪಾಯಿ ಮೇಲೆ ಕಟ್ಟಿಲ್ಲ.

ಮತ್ತೆ ಹತ್ತು ರೂಪಾಯಿ ಚಹಾ ಬಿಟ್ಟು ಯಾರೂ ಶ್ರೀಮಂತರಾಗಿಲ್ಲ, ಕುಡೀರಿ.


ಬೇಳೆಲೆಕ್ಕ:

ತಮ್ಮಾ, ‘ಸಾಧ್ಯತೆ’ ಅಂದೆಯಲ್ಲ, ಅಲ್ಲೇ ಇದೆ ನೋಡು. ನಾನು ಸಾಲಕ್ಕೆ ಕಟ್ಟಿದರೆ 8.25 ಉಳಿಯೋದು ಖಾತ್ರಿ. ನಾವಿಬ್ಬರೂ ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದೇವೆ. ಅದರಲ್ಲಿ ನಾವೇ ವಾಸ ಇರುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ, ಹಾಗಾಗಿ ಸಾಲ ಇಟ್ಟುಕೊಂಡು ಲಾಭವೂ ಇಲ್ಲ. ಪಿಪಿಎಫ್ 7.1 ಕೊಡುತ್ತೆ. ಖಾತ್ರಿಯಾಗಿ 8.25 ಕೊಡೋರು ನನಗಂತೂ ಇನ್ನೊಬ್ಬರು ಸಿಕ್ಕಿಲ್ಲ. ಮೇಲಾಗಿ ನಾನು ಇರೋದು ತೊಗರಿ ವ್ಯಾಪಾರದಲ್ಲಿ. ದರ ಏರಿದಾಗ ಗಂಜಿನಲ್ಲಿ ಪೇಢಾ ಹಂಚಿದವರು ಮರುವರ್ಷ ದರ ಬಿದ್ದಾಗ ಅಂಗಡಿ ಮುಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ 454 ರೂಪಾಯಿ ನೋಡಿದ ಮೇಲೆ ನನಗೆ ಬೇಕಿರೋದು ಲಾಭ ಅಲ್ಲ, ನಿದ್ದೆ.

ಎಸ್‌ಐಪಿ 5,000 ನಡೀತಾ ಇದೆ. ಸಾಲ ತೀರಿದ ಮೇಲೆ ನಿನ್ನ ದಾರಿಗೇ ಬರ್ತೀನಿ.


ಯಾದಗಿರಿಅಕ್ಕ:

ಲೆಕ್ಕ ಚೆನ್ನಾಗಿದೆ ಸರ್. ನಾನೂ ಜೋಳ ಕೂಡಿಡುವ ಪೈಕಿಯೇ. ಎರಡು ಕ್ವಿಂಟಲ್‌ಗೆ ನಿಲ್ಲಿಸಿದ್ದೀರಿ, ಬುದ್ಧಿವಂತರು. ನಾನು ಒಂದು ವರ್ಷ ದರ ಕಡಿಮೆ ಸಿಕ್ತು ಅಂತ ಐದು ಕ್ವಿಂಟಲ್ ತಂದು ಅಟ್ಟದ ಕೆಳಗೆ ಒಟ್ಟಿದೆ. ಬೇವಿನ ಎಲೆ ಹಾಕಿದ್ದೆ, ಆದರೆ ಜೋಳ ಸರಿಯಾಗಿ ಒಣಗಿಸಿರಲಿಲ್ಲ. ಶ್ರಾವಣದ ಹೊತ್ತಿಗೆ ಚೀಲ ಮುಟ್ಟಿದರೆ ಹಿಟ್ಟು ಉದುರುತ್ತಿತ್ತು. ಗಿರಣಿಗೆ ಒಯ್ಯುವ ಕೆಲಸವೇ ಇಲ್ಲ, ಹುಳವೇ ಬೀಸಿ ಇಟ್ಟಿತ್ತು. ಮೂರು ಚೀಲ ದನಕ್ಕೆ ಹೋಯಿತು. ನಮ್ಮ ಮನೆಯವರು ಇವತ್ತಿಗೂ ‘ಏನಾದ್ರೂ ಅಗ್ಗ ಸಿಕ್ತಾ?’ ಅಂತ ಕೇಳಿ ನಗ್ತಾರೆ.

ಈಗ ಎಸಿ ವಿಷಯ. ನಿಮ್ಮ ಮನೆಯವರು ಸರ್ಕಾರಿ ಕಚೇರಿ ಅಂದಿರಿ. ನಾನೂ ಅದೇ. ನಮ್ಮ ಕಲಬುರಗಿ ವಿಭಾಗಕ್ಕೆ ಏಪ್ರಿಲ್-ಮೇ ಎರಡು ತಿಂಗಳು ಕಚೇರಿ ಬೆಳಿಗ್ಗೆ 8ರಿಂದ 1:30. ಬೇರೆ ಜಿಲ್ಲೆಯವರು ‘ನಿಮಗೇನ್ರೀ ಅರ್ಧ ದಿನ ಕೆಲಸ’ ಅಂತಾರೆ. ಬಿಸಿಲಿಗೆ ಅಂತಲೇ ಮಾಡಿದ್ದು, ಒಳ್ಳೇದೇ. ಆದರೆ ಒಂದೂವರೆಗೆ ಬಿಟ್ಟು ಬಸ್ಸಿಗೆ ನಿಂತು, ಎರಡು ಗಂಟೆಗೆ ಮನೆ ಸೇರಿದರೆ, ದಿನದ ಅತಿ ಕೆಟ್ಟ ಹೊತ್ತು ಪೂರ್ತಿ ನಾವು ಮನೆಯೊಳಗೇ ಇರ್ತೀವಿ. ಎರಡರಿಂದ ಆರು. ಮೇಲೆ ಇನ್ನೊಂದು ಮಹಡಿ ಇಲ್ಲ ಅಂದರೆ ಸ್ಲ್ಯಾಬ್ ನೇರ ತಲೆ ಮೇಲೆ ಕಾಯುತ್ತೆ. ಎಂಟು ಗಂಟೆಗೆ ಕಚೇರಿ ಅಂದರೆ ನಾಲ್ಕೂವರೆಗೆ ಎದ್ದಿರ್ತೀವಿ. ಮಧ್ಯಾಹ್ನ ಒಂದು ಗಂಟೆ ಕಣ್ಣು ಮುಚ್ಚೋಣ ಅಂದರೆ ಆಗಲ್ಲ.

ಅದಕ್ಕೇ ಮೂರು ಪ್ರಶ್ನೆ. ನಿಮ್ಮದು ಒಂದೇ ಮಹಡಿ ಮನೆಯಾ? ಅಪ್ಪನಿಗೆ ಎಷ್ಟು ವಯಸ್ಸು? ಮತ್ತೆ, ತಪ್ಪು ತಿಳೀಬೇಡಿ, ನೀವು ಹಗಲು ಹೊತ್ತು ಎಲ್ಲಿ ಕೂತಿರ್ತೀರಿ?

ಕೂಲರ್ ಒಣ ಬಿಸಿಲಿಗೆ ಒಳ್ಳೇದೇ, ನಾನೂ ಒಪ್ಪುತ್ತೇನೆ. ಆದರೆ ಅದು ನೀರು ಕುಡಿಯೋದನ್ನು ಕೀರ್ದಿಯಲ್ಲಿ ಬರೆದಿದ್ದೀರಾ? ಮೇ ತಿಂಗಳಲ್ಲಿ ನಳ ಬರದೆ ಟ್ಯಾಂಕರ್ ತರಿಸಿದ್ದು ಯಾವ ಕಾಲಂನಲ್ಲಿದೆ? ಮತ್ತೆ ಜೂನ್‌ನಲ್ಲಿ ಮೋಡ ಕಟ್ಟಿ ಗಾಳಿಯಲ್ಲಿ ತೇವ ಏರಿದ ಮೇಲೆ ಕೂಲರ್ ಹಾಕಿದರೆ ಬೆವರು ಇನ್ನೂ ಜಾಸ್ತಿ.


ಬೇಳೆಲೆಕ್ಕ:

ಅಕ್ಕಾ, ಒಂದೇ ಮಹಡಿ. ಅಪ್ಪನಿಗೆ 74. ಟ್ಯಾಂಕರ್ ‘ಇತರೆ’ ಕಾಲಂನಲ್ಲಿದೆ. ಈಗ ತೆಗೆದು ನೋಡಿದೆ. ಕಳೆದ ಏಪ್ರಿಲ್-ಮೇ ಒಳಗೆ ಏಳು ಸಲ, 600ರಂತೆ 4,200 ರೂಪಾಯಿ. ಅದನ್ನು ಕೂಲರ್ ಹೆಸರಿಗೆ ಹಚ್ಚಿರಲಿಲ್ಲ.

ಮೂರನೇ ಪ್ರಶ್ನೆಗೆ ಉತ್ತರ ಬರೆಯಲು ಎರಡು ಸಲ ಟೈಪ್ ಮಾಡಿ ಅಳಿಸಿದೆ. ಮಿಲ್‌ನಲ್ಲಿ ಮಾಲೀಕರ ಕ್ಯಾಬಿನ್‌ನಲ್ಲೇ ನನ್ನ ಟೇಬಲ್. ಕಂಪ್ಯೂಟರ್ ಇರೋದೂ ಅಲ್ಲೇ. ಎಸಿ ಇದೆ. 24ಕ್ಕೆ ಇಟ್ಟಿರ್ತಾರೆ. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಮನೆಗೆ ಬರೋದು ರಾತ್ರಿ ಎಂಟು.


ಯಾದಗಿರಿಅಕ್ಕ:

ಹೂಂ. ಅನುಮಾನ ಇತ್ತು.

ಒಂದು ಕೆಲಸ ಮಾಡಿ ಸರ್. ಒಂದು ದಿನ ಅರ್ಧ ರಜೆ ಹಾಕಿ ಎರಡೂವರೆಗೆ ಮನೆಗೆ ಹೋಗಿ. ಹೇಳದೆ ಹೋಗಿ. ಕೀರ್ದಿ ಪುಸ್ತಕ ಹಿಡ್ಕೊಂಡು ಐದರವರೆಗೆ ಅಲ್ಲೇ ಕೂತು ಬರೀರಿ. ಆಮೇಲೆ ಎಸಿ ಬೇಕೋ ಬೇಡವೋ ನಾವ್ಯಾಕೆ ಹೇಳಬೇಕು?

ಇನ್ನೊಂದು ವಿಷಯ, 50ಕ್ಕೆ ನಿವೃತ್ತಿ ಅಂದಿರಿ. ನಿಮ್ಮ ಮನೆಯವರದ್ದು ಯಾವಾಗ? ನಮ್ಮದು 60ಕ್ಕೆ. ನೀವು ಹೊಲದ ಬೇವಿನ ಮರದ ಕೆಳಗೆ ಕೂತಾಗ ಅವರು ಇನ್ನೂ ಬಸ್ಸಿಗೆ ನಿಂತಿರ್ತಾರೆ ಅಂತ ಲೆಕ್ಕ.


ಬೀದರ್‌ಕಾಕಾ:

ತಡವಾಗಿ ನೋಡಿದೆ. ನನಗೆ 56. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಾರ್ಖಾನೆಯೊಂದರಲ್ಲಿ ಇದ್ದೆ, 51ಕ್ಕೆ ಬಿಟ್ಟೆ. ಮನೆ ಸಾಲವನ್ನೂ ಅದೇ ವರ್ಷ, 2021ರಲ್ಲಿ ತೀರಿಸಿದೆ. ಹಾಗಾಗಿ ಈ ದಾರಿಯಲ್ಲಿ ಒಂದಿಷ್ಟು ಮುಳ್ಳು ತುಳಿದಿದ್ದೇನೆ.

ಮೊದಲು ನಿಮ್ಮ ಲೆಕ್ಕವನ್ನು ನಿಮಗೇ ತಿರುಗಿಸಿ ಹೇಳುತ್ತೇನೆ. ತಿಂಗಳಿಗೆ 47,000 ಕಟ್ಟುತ್ತಿದ್ದೀರಿ. ಎಸಿಗೆ 42,000. ಮಧ್ಯಾಹ್ನ ಐದು ಗಂಟೆ, ರಾತ್ರಿ ಏಳು ಗಂಟೆ ಹಾಕಿದರೂ ತಿಂಗಳಿಗೆ 250 ಯೂನಿಟ್ ಆಸುಪಾಸು. ಕೂಲರ್‌ನದ್ದು ಕಳೆದು ಮನೆಯದ್ದು ಸೇರಿಸಿದರೆ 340. ಯೂನಿಟ್‌ಗೆ ಸುಮಾರು 6 ರೂಪಾಯಿ, ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ. 2,500 ಅಂದುಕೊಳ್ಳಿ. ಮೂರು ತಿಂಗಳಿಗೆ 7,500. ಅಲ್ಲಿಗೆ ಮೊದಲ ವರ್ಷ 50,000 ಆಯಿತು. ಇಷ್ಟನ್ನೂ ಸಾಲಕ್ಕೆ ಕಟ್ಟದೆ ಎಸಿಗೆ ಹಾಕಿದರೆ ನಿಮ್ಮ 27 ತಿಂಗಳು 28 ಆಗುತ್ತೆ. ಮುಂದಿನ ಬೇಸಿಗೆಗಳ ಬಿಲ್ ಹಿಡಿದರೂ 29 ದಾಟಲ್ಲ. 2028ರ ಜುಲೈ ಬದಲು ಸೆಪ್ಟೆಂಬರ್. ದಸರಾ ಹಬ್ಬಕ್ಕೆ ಸಾಲ ತೀರುತ್ತೆ, ಅಷ್ಟೇ. ಟ್ಯಾಂಕರ್ ದುಡ್ಡು ಕಳೆದರೆ ಇನ್ನೂ ಕಡಿಮೆ.

ಗೃಹಜ್ಯೋತಿ ಹೋಗುತ್ತೆ ಅನ್ನೋ ಭಯ ಬೇಡ. 200 ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತೆ. ಮಳೆ ಬಿದ್ದು ಎಸಿ ನಿಂತ ಮೇಲೆ ಮತ್ತೆ ಮೊದಲಿನಂತೆ. ಎಸಿ ಮೇಲಿನ ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿದಿದೆ.

ನನಗೆ ಚಿಂತೆ ಆಗಿದ್ದು ಎಸಿ ಅಲ್ಲ. ನಿಮ್ಮ ಲೆಕ್ಕದಲ್ಲಿ ಆಪತ್ತಿನ ದುಡ್ಡು ಎಲ್ಲಿದೆ? ಹುಡುಕಿದೆ, ಕಾಣಲಿಲ್ಲ. ನಾನೂ ಹೀಗೇ ಎಲ್ಲ ತೊಗೊಂಡು ಹೋಗಿ ಅಸಲಿಗೆ ಸುರಿದವನು. ಬಾಕಿ ಎರಡು ಲಕ್ಷಕ್ಕೆ ಬಂದಾಗ ಹೆಂಡತಿಗೆ ಗರ್ಭಕೋಶದ ಆಪರೇಷನ್. ಕೈಯಲ್ಲಿ 30,000 ಇತ್ತು. ಮನೆ ಸಾಲಕ್ಕೆ ಕಟ್ಟಿದ ದುಡ್ಡು ವಾಪಸ್ ಕೇಳಿದರೆ ಕೊಡ್ತಾರಾ? 14 ಪರ್ಸೆಂಟಿಗೆ ಪರ್ಸನಲ್ ಲೋನ್ ತೆಗೆದೆ. 8ರ ಸಾಲ ತೀರಿಸಲು ಹೋಗಿ 14ರ ಸಾಲ ತಂದ ಜಾಣ ನಾನು. ನಿಮ್ಮದು ಖಾಸಗಿ ನೌಕರಿ. ಕಡಿಮೆ ಅಂದರೂ ಆರು ತಿಂಗಳ ಖರ್ಚು, ಕಂತೂ ಸೇರಿ ಮೂರು ಲಕ್ಷ ಬೇರೆ ಇಡಿ. ಇದಕ್ಕೆ ಒಂದು ವರ್ಷ ಹೆಚ್ಚುವರಿ ಕಟ್ಟೋದು ನಿಂತರೂ ಪರವಾಗಿಲ್ಲ. ಓವರ್‌ಡ್ರಾಫ್ಟ್ ಥರದ ಗೃಹಸಾಲ ಕೊಡುವ ಬ್ಯಾಂಕುಗಳೂ ಇವೆ. ಅದರಲ್ಲಿ ಹಾಕಿದ ದುಡ್ಡಿಗೆ ಬಡ್ಡಿ ಉಳಿಯುತ್ತೆ, ಬೇಕಾದಾಗ ತೆಗೀಬಹುದು. ಬಡ್ಡಿ ಒಂಚೂರು ಜಾಸ್ತಿ ಇರುತ್ತೆ, ವಿಚಾರಿಸಿ.

ಆರೋಗ್ಯ ವಿಮೆ ಸ್ವಂತದ್ದು ಇದೆಯಾ? ಕೆಲಸ ಬಿಟ್ಟ ದಿನ ಕಂಪನಿ ವಿಮೆಯೂ ಬಿಡುತ್ತೆ. 50ರ ಮೇಲೆ ಬಿಪಿ, ಶುಗರ್ ಹಚ್ಚಿಕೊಂಡು ತೆಗೆಯಲು ಹೋದರೆ ಪ್ರೀಮಿಯಂ ಕೇಳಿಯೇ ಬಿಪಿ ಏರುತ್ತೆ. ಈಗ ವೈಯಕ್ತಿಕ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಇವತ್ತೇ ನೋಡಿ. ಪಿಎಫ್ ಇದ್ದರೆ ಇನ್ನೊಂದು ಗೊತ್ತಿರಲಿ: ಇಪಿಎಸ್ ಪೆನ್ಶನ್ 58ಕ್ಕೆ. 50 ತುಂಬಿದ ಮೇಲೆ ಬೇಗ ತಗೋಬಹುದು, ಆದರೆ ಪ್ರತಿ ವರ್ಷಕ್ಕೆ ಶೇಕಡಾ 4 ಕಡಿತ. ಎಂಟು ವರ್ಷ ಮುಂಚೆ ಅಂದರೆ ಎಷ್ಟು ಹೋಯಿತು, ನೀವೇ ಲೆಕ್ಕದವರು.

ಸಾಲ ತೀರಿದ ದಿನದ ಬಗ್ಗೆಯೂ ಒಂದು ಮಾತು. ನನ್ನ ಮನೆಯ ಮೂಲ ಪತ್ರ ವಾಪಸ್ ಕೊಡಲು ನಾಲ್ಕು ತಿಂಗಳು ಓಡಾಡಿಸಿದರು. ಒಮ್ಮೆ ‘ಹೈದರಾಬಾದ್‌ನಲ್ಲಿದೆ’ ಅಂದರು, ಒಮ್ಮೆ ‘ಬೀಗದ ಕೈ ಇರುವವರು ರಜೆ’ ಅಂದರು. ಈಗ ನಿಮಗೆ ಆ ಕಾಟ ಇಲ್ಲ. 2023ರ ಡಿಸೆಂಬರ್ 1ರ ನಂತರ ತೀರಿದ ಸಾಲಗಳಿಗೆ 30 ದಿನದೊಳಗೆ ಪತ್ರ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಪತ್ರ ಬಂದರೆ ಸಾಲದು, ನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆ ಆಗಿ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣಬೇಕು. ಅದನ್ನು ನೋಡಿದ ಮೇಲೆಯೇ ಪೇಢಾ.

ಕೆಲಸ ಬಿಟ್ಟ ಮೇಲೆ ಹೇಗಿದೆ ಅಂತ ಕೇಳ್ತೀರಿ. ಮೊದಲ ಆರು ತಿಂಗಳು ಸೈರನ್ ಕೇಳಿದಾಗೆಲ್ಲ ಚಪ್ಪಲಿ ಹುಡುಕುತ್ತಿದ್ದೆ. ಈಗ ಬೆಳಿಗ್ಗೆ ಕೋಟೆ ಕಡೆ ನಡೆದು ಹೋಗಿ ಬರ್ತೀನಿ, ಗೆಳೆಯರು ಕೂಡ್ತಾರೆ, ಚಹಾ ಕುಡೀತೀವಿ. ಚಹಾದ ಗೆಳೆಯರನ್ನು ಬಿಡಬೇಡಿ. 50ರ ಮೇಲೆ ಹೊಸಬರು ಸಿಗಲ್ಲ.


ಬೇಳೆಲೆಕ್ಕ:

ಅಕ್ಕ ಹೇಳಿದಂತೆ ನಿನ್ನೆ ಹೋಗಿದ್ದೆ. ಮಿಲ್‌ನಲ್ಲಿ ತೊಗರಿ ಒಣಗಿಸುವ ಕಡೆ ನೇತು ಹಾಕುವ ಥರ್ಮಾಮೀಟರ್ ಒಂದನ್ನು ಜೇಬಿಗೆ ಹಾಕಿಕೊಂಡೆ.

ಎರಡು ಮುಕ್ಕಾಲಿಗೆ ಮನೆ ಬಾಗಿಲು ತೆರೆದಿತ್ತು. ಗಾಳಿಗೆ ತೆರೆದಿದ್ದಾರೆ ಅಂದುಕೊಂಡೆ, ಒಳಗೆ ಬರುತ್ತಿದ್ದದ್ದು ಒಲೆ ಮುಂದೆ ನಿಂತ ಹಾಗಿನ ಝಳ. ಕರೆಂಟ್ ಇತ್ತು. ಕೂಲರ್ ನಿಂತಿತ್ತು. ಯಾಕೆ ಅಂದೆ. ‘ನಳ ಬಂದು ನಾಲ್ಕು ದಿನ ಆಯ್ತು. ಟಾಕಿಯಲ್ಲಿ ಇರೋದು ಸಂಜೆ ಅಡುಗೆಗೆ, ಸ್ನಾನಕ್ಕೆ ಬೇಕು. ಟ್ಯಾಂಕರ್ ತರಿಸಿದ್ರೆ ನೀವು ಬರಕೋತೀರಿ’ ಅಂದಳು. ನಾನು ಬರಕೋತೀನಿ ಅಂತ ಕೂಲರ್ ಹಾಕಿರಲಿಲ್ಲ.

ಅಪ್ಪ ಬಚ್ಚಲ ಬಾಗಿಲ ಹತ್ತಿರ ಫರಸಿ ಮೇಲೆ ಒದ್ದೆ ಟವೆಲ್ ಹಾಸಿ ಅಂಗಾತ ಮಲಗಿದ್ದರು. ಶಹಾಬಾದ್ ಕಲ್ಲು ತಂಪು ಅಂತ ನಾನೇ ಹಟ ಮಾಡಿ ಹಾಕಿಸಿದ್ದು, ಟೈಲ್ಸ್‌ಗಿಂತ ಅಗ್ಗ ಅಂತಲೂ. ಟವೆಲ್ ಅಂಚು ಒಣಗಿ ಗರಿ ಆಗಿತ್ತು. ಮಗಳು ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಪಾಠ ಓದುತ್ತಿದ್ದಳು. ಮುಟ್ಟಿ ನೋಡಿದೆ, ಬಕೆಟ್ ನೀರೂ ಬೆಚ್ಚಗಿತ್ತು. ಮಲಗುವ ಕೋಣೆಯಲ್ಲಿ ಮೊಳೆಗೆ ಥರ್ಮಾಮೀಟರ್ ತೂಗು ಹಾಕಿದೆ. ಮೂರು ಕಾಲಿಗೆ 39.5. ಗೋಡೆಗೆ ಕೈ ಇಟ್ಟರೆ ಜ್ವರ ಬಂದವರ ಹಣೆ ಮುಟ್ಟಿದಂಗೆ. ‘ಅರಾಮಿಲ್ಲೇನು, ಬೇಗ ಬಂದಿ?’ ಅಂತ ಅಪ್ಪ ಮಲಗಿದಲ್ಲಿಂದಲೇ ನನ್ನನ್ನು ಕೇಳಿದರು.

ಐದರವರೆಗೆ ಕೂತೆ. ಪುಸ್ತಕದಲ್ಲಿ ಬರೆದಿದ್ದು ಆ 39.5 ಮಾತ್ರ.

ಕಾಕಾ, ಆಪತ್ತಿನ ದುಡ್ಡು ಎಫ್‌ಡಿಯಲ್ಲಿ 60,000 ಇದೆ, ಅಷ್ಟೇ. ಈ ತಿಂಗಳಿಂದ ಹೆಚ್ಚುವರಿ 25,000 ಅಲ್ಲಿಗೇ ಹೋಗುತ್ತೆ, ಮೂರು ಲಕ್ಷ ಆಗುವವರೆಗೆ. ಮೊದಲು ಎಸಿ ದುಡ್ಡು ತೆಗೆದು. ಆರೋಗ್ಯ ವಿಮೆ ಮಿಲ್‌ನದ್ದು ಬಿಟ್ಟು ಬೇರೆ ಇಲ್ಲ, ಇವತ್ತು ಎರಡು ಕಡೆ ಕೇಳಿದ್ದೇನೆ. 2028ರ ಜುಲೈ ಅಂತ ಗೋಡೆ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದೆ. ಅಳಿಸಿ 2029ರ ಜನವರಿ ಅಂತ ಬರೆದೆ. ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಕೇಳಿದ ಆ 60ರ ಪ್ರಶ್ನೆಯನ್ನು ಮನೆಯಲ್ಲಿ ಇನ್ನೂ ಎತ್ತಿಲ್ಲ. ಎಸಿ ಬಂದ ಮೇಲೆ ತಂಪಾಗಿ ಕೂತು ಮಾತಾಡ್ತೀನಿ.

ಈಗ ಕೊನೇ ಪ್ರಶ್ನೆ. ಕೋಣೆ 10 ಬೈ 12. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕೇಳಿದೆ, ಮೇಲೆ ಮಹಡಿ ಇಲ್ಲ ಅಂದರೆ ಒಂದೂವರೆ ಟನ್ನೇ ಬೇಕು ಅಂತಾನೆ. ಹೌದಾ, ಇಲ್ಲ ಅವನ ಕಮಿಷನ್ ಲೆಕ್ಕನಾ?


ಯಾದಗಿರಿಅಕ್ಕ:

ಮೊದಲು ಈ ಭಾನುವಾರ ಮಾಳಿಗೆ ತೊಳೆದು ಸುಣ್ಣ ಬಳೀರಿ. ಸುಣ್ಣಕ್ಕೆ ಒಂಚೂರು ಫೆವಿಕಾಲ್ ಬೆರೆಸಿ, ಇಲ್ಲಾಂದ್ರೆ ಮೊದಲ ಮಳೆಗೇ ಹೋಗುತ್ತೆ. ಎರಡು ಕೋಟ್, ಬಿಸಿಲು ಇಳಿದ ಮೇಲೆ. ಒಂದೆರಡು ಸಾವಿರದೊಳಗೆ ಆಗುತ್ತೆ. ನಮ್ಮಲ್ಲಿ ಬಳಿದ ಮೇಲೆ ರಾತ್ರಿ ಸ್ಲ್ಯಾಬಿನ ಝಳ ಎಷ್ಟೋ ಕಡಿಮೆಯಾಯಿತು. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಬಿದಿರಿನ ಪರದೆ ಹಾಕಿ. ಇಷ್ಟು ಮಾಡಿದರೆ ಆ ಕೋಣೆಗೆ ಒಂದು ಟನ್ ಸಾಕು. ನಮ್ಮದೂ ಅಷ್ಟೇ ಕೋಣೆ, ಒಂದು ಟನ್, ಫೈವ್ ಸ್ಟಾರ್. 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಾಕ್ತೀವಿ. ಅಪ್ಪನ ಹಾಸಿಗೆ ಹಗಲು ಹೊತ್ತು ಆ ಕೋಣೆಗೇ ಬರಲಿ.

ಮತ್ತೆ ರಿಮೋಟ್ ನಿಮ್ಮ ಕೈಗೆ ಸಿಗದಂಗೆ ಇಡಬೇಕು ಅಂತ ನಿಮ್ಮ ಮನೆಯವರಿಗೆ ನಾನು ಹೇಳಿದೆ ಅಂತ ಹೇಳಿ.


ಬೇಳೆಲೆಕ್ಕ:

ಇದನ್ನು ಅವಳು ಪಕ್ಕದಲ್ಲೇ ಕೂತು ಓದಿದಳು ಅಕ್ಕಾ. ನಾನು ಹೇಳೋ ಅವಶ್ಯಕತೆ ಬೀಳಲಿಲ್ಲ.